ಜಾರ್ಜ್ ಟಕೇಯ್

ಟಕೇಯ್, ಜಾರ್ಜ್ (ಜನನ: 20 ಏಪ್ರಿಲ್ 1937). ಅಮೆರಿಕದ ಕಿರುತೆರೆ ನಟ, ಲೇಖಕ, ನಾಗರಿಕ ಹಕ್ಕುಗಳ ಹೋರಾಟಗಾರ. ಎನ್‌ಬಿಸಿ ವಾಹಿನಿಯಲ್ಲಿ 1966ರಿಂದ 1969ರವರೆಗೆ ಪ್ರಸಾರವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಸುಲು ಪಾತ್ರ ಇವರಿಗೆ ಹೆಸರು ತಂದಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಜಪಾನಿ ಮೂಲದ ನಿವಾಸಿಗಳನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದ ಸಂಗತಿ ಜನರ ಮನಸ್ಸಿನಿಂದ ಅಳಿಸಿಹೋಗದಂತೆ ನೋಡಿಕೊಂಡವರಲ್ಲಿ ಪ್ರಮುಖರು. ಸಲಿಂಗಿಗಳ ವಿವಾಹದ ಹಕ್ಕಿಗಾಗಿಯೂ ದುಡಿದವರು.

ನಟನೆಯಿಂದ ಹೋರಾಟಕ್ಕೆ ಬಂದವರು ಎಂದು ಇವರನ್ನು ಪರಿಚಯಿಸುವುದು ವಾಡಿಕೆ. ಇಸವಿಗಳನ್ನು ಸಾಲಾಗಿಟ್ಟು ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ. ಜನಾಂಗದ ಪ್ರಶ್ನೆ ಬಂದಾಗ ಟಕೇಯ್ ಇಪ್ಪತ್ತರ ಹರೆಯದಲ್ಲೇ, ಸುಲು ಪಾತ್ರ ಸಿಗುವ ಮೊದಲೇ, ಬೀದಿಗೆ ಬಂದವರು. ತಮ್ಮ ಸಲಿಂಗಾಸಕ್ತಿಯ ವಿಷಯದಲ್ಲಿ ಮಾತ್ರ ಅರವತ್ತೆಂಟು ವರ್ಷದವರೆಗೆ ತುಟಿ ಬಿಚ್ಚಲಿಲ್ಲ. ಆ ಮೌನವನ್ನು ಹೇರಿದ್ದು ಅವರ ಹೊಟ್ಟೆಪಾಡಾಗಿದ್ದ ನಟನಾವೃತ್ತಿ.

ಶಿಬಿರದ ಬಾಲ್ಯ

ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲಿ. ತಂದೆ ಟಕೇಕುಮಾ ನಾರ್ಮನ್ ಟಕೇಯ್ ಜಪಾನಿನ ಯಮನಾಶಿ ಪ್ರಾಂತದಿಂದ ಹುಡುಗನಾಗಿದ್ದಾಗಲೇ ಬಂದು ನೆಲೆಸಿದವರು; ಬಟ್ಟೆಗಳ ಡ್ರೈಕ್ಲೀನಿಂಗ್ ವ್ಯಾಪಾರ ನಡೆಸುತ್ತಿದ್ದರು. ತಾಯಿ ಫುಮಿಕೊ ಎಮಿಲಿ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆ. ಬ್ರಿಟನ್ನಿನಲ್ಲಿ ಆರನೆಯ ಜಾರ್ಜನ ಪಟ್ಟಾಭಿಷೇಕ ನಡೆದ ವರ್ಷ ಹುಟ್ಟಿದ ಹಿರಿಮಗನಿಗೆ ಇಂಗ್ಲಿಷ್ ರಾಜರ ಅಭಿಮಾನಿಯಾಗಿದ್ದ ತಂದೆ ಅದೇ ಹೆಸರಿಟ್ಟರು. ಎರಡನೆಯ ಮಗ ಹೆನ್ರಿ, ಕಿರಿಯಳು ನ್ಯಾನ್ಸಿ.

1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೆಯ ಆಜ್ಞೆಗೆ ಸಹಿ ಹಾಕಿದರು. ಆ ಒಂದು ಕಾಗದದ ಬಲದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಹತ್ತು ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಯಾರ ಮೇಲೂ ದೋಷಾರೋಪವಿಲ್ಲ, ವಿಚಾರಣೆಯಿಲ್ಲ. ಟಕೇಯ್ ಮನೆಯ ಬಾಗಿಲಿಗೆ ಬಂದೂಕಿಗೆ ಬಾಯ್ನೆಟ್ ಸಿಕ್ಕಿಸಿಕೊಂಡ ಇಬ್ಬರು ಸೈನಿಕರು ಬಂದಾಗ ಜಾರ್ಜ್‌ಗೆ ಐದು ವರ್ಷ.

ಮೊದಲು ಒಯ್ದಿದ್ದು ಸಾಂಟಾ ಅನಿಟಾ ಕುದುರೆ ರೇಸ್ ಮೈದಾನಕ್ಕೆ. ಶಿಬಿರಗಳು ಇನ್ನೂ ಕಟ್ಟಿ ಮುಗಿದಿರಲಿಲ್ಲವಾದ್ದರಿಂದ ಕುಟುಂಬಗಳನ್ನು ಕುದುರೆ ಲಾಯಗಳಲ್ಲಿ ಇಟ್ಟರು. ಲದ್ದಿಯ ನಾತ ಹೋಗದ ಆ ಲಾಯ ತಂದೆ ತಾಯಿಗೆ ಅವಮಾನ. ಮಗುವಿಗೆ ಕುದುರೆ ಇದ್ದ ಜಾಗದಲ್ಲಿ ಮಲಗುವ ಸಂಭ್ರಮ. ಅಲ್ಲಿಂದ ರೈಲಿನಲ್ಲಿ ಆರ್ಕನ್ಸಾ ರಾಜ್ಯದ ರೋವರ್ ಶಿಬಿರಕ್ಕೆ. ಸುತ್ತ ಜೌಗು, ಹಾವುಗಳು, ಮುಳ್ಳುತಂತಿ, ಕಾವಲು ಗೋಪುರಗಳು. ರಾತ್ರಿ ಬಹಿರ್ದೆಸೆಗೆ ಹೊರಟರೆ ಗೋಪುರದ ದೀಪ ಹಿಂದೆಯೇ ಬರುತ್ತಿತ್ತು. ದಾರಿ ತೋರಿಸುವ ಉಪಕಾರವೆಂದು ಹುಡುಗ ತಿಳಿದಿದ್ದ. ಶಿಬಿರದ ಶಾಲೆಯಲ್ಲಿ ಮಕ್ಕಳು ದಿನವೂ ಧ್ವಜಕ್ಕೆ ಮುಖಮಾಡಿ, ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯವುಂಟೆಂಬ ಪ್ರತಿಜ್ಞೆ ಹೇಳಬೇಕಿತ್ತು. ಕಿಟಕಿಯಾಚೆ ಕಾಣುತ್ತಿದ್ದುದು ಅದೇ ತಂತಿಬೇಲಿ. ಭಾಷಣಗಳಲ್ಲಿ ಟಕೇಯ್ ಈ ಚಿತ್ರವನ್ನು ಎಷ್ಟು ಸಲ ಬಳಸಿದ್ದಾರೆಂದರೆ ಅದು ಅವರ ಸಹಿಯಂತಾಗಿದೆ. ಆದರೆ ಅವರ ನೆನಪುಗಳ ನಿಜವಾದ ಬೆಲೆ ಇರುವುದು ಆಟವಾಡಿದ ಸಂತೋಷವನ್ನೂ ಮುಚ್ಚಿಡದೆ ಹೇಳುವುದರಲ್ಲಿ. ಸಂಕಟವೆಲ್ಲ ದೊಡ್ಡವರ ಪಾಲಿಗೆ ಹೋಗಿತ್ತು, ಮಕ್ಕಳಿಗೆ ತಟ್ಟದಂತೆ ಅವರೇ ತಡೆದು ನಿಂತಿದ್ದರು ಎಂಬುದು ಟಕೇಯ್‌ಗೆ ಅರ್ಥವಾದದ್ದು ಬಹಳ ತಡವಾಗಿ.

1943ರಲ್ಲಿ ಸರ್ಕಾರ ಶಿಬಿರದ ವಯಸ್ಕರಿಗೆಲ್ಲ ನಿಷ್ಠೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಹಂಚಿತು. 27ನೆಯ ಪ್ರಶ್ನೆ, ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಲು ಸಿದ್ಧರೇ ಎಂದು ಕೇಳುತ್ತಿತ್ತು. 28ನೆಯದು, ಜಪಾನಿನ ಚಕ್ರವರ್ತಿಯ ಮೇಲಿನ ನಿಷ್ಠೆಯನ್ನು ತೊರೆದು ಅಮೆರಿಕಕ್ಕೆ ನಿಷ್ಠರಾಗುವಿರೇ ಎಂದು. ಎರಡನೆಯದರಲ್ಲಿ ಇಕ್ಕಟ್ಟು ಹೆಚ್ಚು. ಅಮೆರಿಕದಲ್ಲಿ ಹುಟ್ಟಿದವರು ಹೌದೆಂದರೆ ಎಂದೂ ಇಲ್ಲದ ನಿಷ್ಠೆಯೊಂದು ಇತ್ತೆಂದು ಒಪ್ಪಿಕೊಂಡಂತೆ. ಜಪಾನಿನಲ್ಲಿ ಹುಟ್ಟಿದವರಿಗೆ ಅಮೆರಿಕದ ಪೌರತ್ವ ಪಡೆಯುವುದಕ್ಕೇ ಆಗಿನ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಅವರು ಹೌದೆಂದರೆ ಯಾವ ದೇಶಕ್ಕೂ ಸೇರದವರಾಗುತ್ತಿದ್ದರು. ಟಕೇಯ್ ದಂಪತಿ ಎರಡಕ್ಕೂ ಇಲ್ಲವೆಂದು ಬರೆದರು. ಹಾಗೆ ಬರೆದವರನ್ನು ಕ್ಯಾಲಿಫೋರ್ನಿಯಾದ ಉತ್ತರ ತುದಿಯ ಟೂಲಿ ಲೇಕ್‌ಗೆ ಕಳಿಸುತ್ತಿದ್ದರು. ಅಲ್ಲಿ ತಂತಿಬೇಲಿ ಮೂರು ಸಾಲು, ಗಸ್ತಿಗೆ ಟ್ಯಾಂಕುಗಳು. ಕುಟುಂಬ ಒಡೆದುಹೋದೀತೆಂಬ ಭಯದಲ್ಲಿ ತಾಯಿ ಪೌರತ್ವವನ್ನೇ ತ್ಯಜಿಸಿದರು. ಹೀಗೆ ತ್ಯಜಿಸಿದವರು ಐದು ಸಾವಿರಕ್ಕೂ ಹೆಚ್ಚು. ಅವರನ್ನು ಜಪಾನಿಗೆ ಗಡೀಪಾರು ಮಾಡುವ ಸಿದ್ಧತೆಯೂ ನಡೆದಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ವಕೀಲ ವೇಯ್ನ್ ಕಾಲಿನ್ಸ್ ನ್ಯಾಯಾಲಯಕ್ಕೆ ಹೋಗಿ ತಡೆ ತಂದರು. ವರ್ಷಗಟ್ಟಲೆ ಏಕಾಂಗಿಯಾಗಿ ಹೋರಾಡಿ ಹೆಚ್ಚಿನವರ ಪೌರತ್ವವನ್ನು ಮರಳಿ ಕೊಡಿಸಿದರು. ಟಕೇಯ್ ತಾಯಿ ಅವರಲ್ಲೊಬ್ಬರು.

1946ರಲ್ಲಿ ಬಿಡುಗಡೆಯಾದಾಗ ವ್ಯಾಪಾರ, ಮನೆ ಯಾವುದೂ ಉಳಿದಿರಲಿಲ್ಲ. ಲಾಸ್ ಏಂಜಲೀಸ್‌ನ ಕುಡುಕರು, ನಿರ್ಗತಿಕರು ತುಂಬಿದ್ದ ಬೀದಿಯ ಹೋಟೆಲೊಂದರಲ್ಲಿ ಸಂಸಾರ ಹೂಡಿದರು. ತಂದೆಗೆ ಸಿಕ್ಕ ಮೊದಲ ಕೆಲಸ ಚೀನೀಯರ ಹೋಟೆಲಿನಲ್ಲಿ ತಟ್ಟೆ ತೊಳೆಯುವುದು.

ತಂದೆಯ ಪಾಠ

ಹದಿಹರೆಯದಲ್ಲಿ ಇತಿಹಾಸದ ಪುಸ್ತಕ ತೆರೆದರೆ ಶಿಬಿರಗಳ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಜಪಾನಿ ಅಮೆರಿಕನ್ ಮನೆಗಳಲ್ಲಿ ಆ ಮಾತು ಎತ್ತುವವರೂ ಕಡಿಮೆ. ಟಕೇಯ್ ಮನೆ ಇದಕ್ಕೆ ಹೊರತು. ರಾತ್ರಿ ಊಟ ಮುಗಿದ ಮೇಲೆ ತಂದೆ ಮಗನ ಎದುರು ಕೂತು ಕೇಳಿದ್ದಕ್ಕೆಲ್ಲ ಉತ್ತರಿಸುತ್ತಿದ್ದರು. ಒಮ್ಮೆ ಮಗ ಸಿಟ್ಟಿನಲ್ಲಿ, ನೀವು ನಮ್ಮನ್ನು ಕುರಿಗಳಂತೆ ಕಟುಕರ ಬಳಿಗೆ ನಡೆಸಿಕೊಂಡು ಹೋದಿರಿ ಎಂಬರ್ಥದ ಮಾತಾಡಿದ. ತಂದೆ, ಇರಬಹುದು ಎಂದಷ್ಟೇ ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕ್ಷಮೆ ಕೇಳದೆ ಉಳಿದ ಆ ರಾತ್ರಿಯ ಅಳುಕನ್ನು ಟಕೇಯ್ ಮುಪ್ಪಿನಲ್ಲೂ ಹೇಳಿಕೊಂಡಿದ್ದಾರೆ. ತಂದೆ 1979ರಲ್ಲಿ ತೀರಿಕೊಂಡರು. ಪ್ರಜಾಪ್ರಭುತ್ವ ಅದನ್ನು ನಡೆಸುವ ಜನರಷ್ಟೇ ಒಳ್ಳೆಯದು, ಅವರಷ್ಟೇ ಕೆಟ್ಟದ್ದು. ಆದ್ದರಿಂದ ಭಾಗವಹಿಸಲೇಬೇಕು ಎಂಬುದು ತಂದೆಯ ನಿಲುವು. ಅದನ್ನು ಬಾಯಿಮಾತಿಗೆ ಬಿಡದೆ ಅಧ್ಯಕ್ಷ ಚುನಾವಣೆಯಲ್ಲಿ ಅಡ್ಲೈ ಸ್ಟೀವನ್ಸನ್ ಪರ ಸ್ವಯಂಸೇವೆಗೆ ಮಗನನ್ನು ಕರೆದೊಯ್ದರು. ತನ್ನನ್ನು ನಾಲ್ಕು ವರ್ಷ ಕೂಡಿಹಾಕಿದ ವ್ಯವಸ್ಥೆಯ ಮೇಲೇ ಈ ಭರವಸೆ ಇಟ್ಟ ತಂದೆಯನ್ನು ಅರ್ಥಮಾಡಿಕೊಳ್ಳದೆ ಮಗನ ಮುಂದಿನ ಬದುಕು ಅರ್ಥವಾಗುವುದಿಲ್ಲ.

ನಟನೆ

ಬರ್ಕ್ಲಿಯಲ್ಲಿ ವಾಸ್ತುಶಿಲ್ಪ ಓದಲು ಸೇರಿದ ಟಕೇಯ್ ಅದನ್ನು ಬಿಟ್ಟು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಂಗಭೂಮಿ ಓದಿದರು. 1960ರಲ್ಲಿ ಪದವಿ, 1964ರಲ್ಲಿ ಸ್ನಾತಕೋತ್ತರ ಪದವಿ. ವಿದ್ಯಾರ್ಥಿಯಾಗಿದ್ದಾಗಲೇ ಜಪಾನಿನ ದೈತ್ಯಪ್ರಾಣಿ ಚಿತ್ರ ‘ರೋಡಾನ್’ಗೆ ಇಂಗ್ಲಿಷ್ ಕಂಠದಾನ ಮಾಡಿದ್ದರು. ಸಣ್ಣಪುಟ್ಟ ಪಾತ್ರಗಳು ಸಿಗತೊಡಗಿದವು. ಅವುಗಳಲ್ಲಿ ಹೆಚ್ಚಿನವು ಆ ಕಾಲದ ಹಾಲಿವುಡ್ ಏಷ್ಯನ್ನರಿಗೆ ಮೀಸಲಿಟ್ಟಿದ್ದ ಮಾಲಿ, ಅಡುಗೆಯವ, ಶತ್ರುಸೈನಿಕ ಮಾದರಿಯವು. ಜೆರ್ರಿ ಲೂಯಿಸ್ ಹಾಸ್ಯಚಿತ್ರಗಳಲ್ಲಿ ಮಾಡಿದ ಅಂಥ ಪಾತ್ರಗಳ ಬಗ್ಗೆ ಮುಂದೆ ಅವರೇ ವಿಷಾದಪಟ್ಟರು.

ಇನ್ನೂ ವಿಚಿತ್ರವಾದುದು 1964ರಲ್ಲಿ ಪ್ರಸಾರವಾದ ‘ದಿ ಟ್ವೈಲೈಟ್ ಝೋನ್’ ಸರಣಿಯ ‘ದಿ ಎನ್‌ಕೌಂಟರ್’ ಕಂತು. ಅದರಲ್ಲಿ ಟಕೇಯ್ ವಹಿಸಿದ ಜಪಾನಿ ಅಮೆರಿಕನ್ ತೋಟಗಾರ, ಪರ್ಲ್ ಹಾರ್ಬರ್‌ನಲ್ಲಿ ತನ್ನ ತಂದೆ ಶತ್ರುವಿಮಾನಗಳಿಗೆ ಸನ್ನೆ ಮಾಡಿದ್ದನೆಂದು ಒಪ್ಪಿಕೊಳ್ಳುತ್ತಾನೆ. ಅಂಥ ದ್ರೋಹಕ್ಕೆ ಚರಿತ್ರೆಯಲ್ಲಿ ಯಾವ ಆಧಾರವೂ ಇಲ್ಲ. ಇಡೀ ಸಮುದಾಯವನ್ನು ಶಿಬಿರಕ್ಕೆ ತಳ್ಳಿದ್ದು ಇದೇ ಬಗೆಯ ಗಾಳಿಸುದ್ದಿ. ಪ್ರತಿಭಟನೆಗಳಿಂದಾಗಿ ಆ ಕಂತು ಅಮೆರಿಕದಲ್ಲಿ ದಶಕಗಳ ಕಾಲ ಮರುಪ್ರಸಾರ ಕಾಣಲಿಲ್ಲ. ಶಿಬಿರದಲ್ಲಿ ಬೆಳೆದ ಹುಡುಗನೇ ಆ ಸಂಭಾಷಣೆ ಹೇಳಬೇಕಾಗಿ ಬಂದದ್ದು ಅಂದಿನ ಏಷ್ಯನ್ ನಟನ ಪಾಡು.

ಬೇರೊಂದು ಕಡೆ ಆಗಲೇ ಚಳವಳಿ ಶುರುವಾಗಿತ್ತು. 1961ರಲ್ಲಿ ವರ್ಣಭೇದದ ವಿರುದ್ಧದ ‘ಫ್ಲೈ ಬ್ಲ್ಯಾಕ್‌ಬರ್ಡ್’ ಸಂಗೀತ ನಾಟಕದಲ್ಲಿ ಟಕೇಯ್ ಪಾತ್ರಧಾರಿ. ಲಾಸ್ ಏಂಜಲೀಸ್‌ಗೆ ಮಾರ್ಟಿನ್ ಲೂಥರ್ ಕಿಂಗ್ ಬಂದಾಗ ನಡೆದ ಸಭೆಯಲ್ಲಿ ಈ ತಂಡ ಹಾಡಿತು. ಕಿಂಗ್‌ರ ಕೈಕುಲುಕಿದ್ದೂ ಆಗಲೇ.

1966ರ ಸೆಪ್ಟೆಂಬರ್‌ನಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ 79 ಕಂತುಗಳಲ್ಲಿ ಮುಗಿಯಿತು. ನಿರ್ಮಾತೃ ಜೀನ್ ರಾಡನ್‌ಬೆರಿ ಎಂಟರ್‌ಪ್ರೈಸ್ ಬಾಹ್ಯಾಕಾಶ ನೌಕೆಯನ್ನು ಭೂಮಿಯ ಪ್ರತಿರೂಪವೆಂದು ಭಾವಿಸಿದ್ದರು. ಏಷ್ಯಾದ ಯಾವುದೇ ಒಂದು ದೇಶಕ್ಕೆ ಕಟ್ಟುಬೀಳದ ಹೆಸರು ಬೇಕೆಂದು ಫಿಲಿಪೀನ್ಸ್ ಬಳಿಯ ಸುಲು ಸಮುದ್ರದ ಹೆಸರನ್ನು ಪಾತ್ರಕ್ಕೆ ಕೊಟ್ಟರು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಏಷ್ಯನ್ ಮುಖವೊಂದು ನೌಕೆಯ ಚುಕ್ಕಾಣಿ ಹಿಡಿದು, ತೊದಲದ ಇಂಗ್ಲಿಷಿನಲ್ಲಿ, ಗೌರವದಿಂದ ಕಾಣಿಸಿಕೊಂಡದ್ದು ದೊಡ್ಡ ಸಂಗತಿ. ಹಾಗೆಂದು ಪಾತ್ರವೇನೂ ದೊಡ್ಡದಲ್ಲ. ಕಥೆಯೆಲ್ಲ ಕರ್ಕ್, ಸ್ಪಾಕ್, ಮೆಕಾಯ್ ಸುತ್ತ ತಿರುಗುತ್ತಿತ್ತು. ಸುಲುವಿಗೆ ಬಹುಪಾಲು ಕಂತುಗಳಲ್ಲಿ ಆಜ್ಞೆ ಪಾಲಿಸುವ ಒಂದೆರಡು ಸಾಲು. ಬರಿಮೈಯಲ್ಲಿ ಕತ್ತಿ ಝಳಪಿಸುತ್ತ ನೌಕೆಯೊಳಗೆ ಓಡಾಡುವ ‘ದಿ ನೇಕೆಡ್ ಟೈಮ್’ ಕಂತು ಒಂದು ಅಪವಾದ. ಎರಡನೆಯ ಋತುವಿನಲ್ಲಿ ಜಾನ್ ವೇಯ್ನ್ ಅವರ ‘ದಿ ಗ್ರೀನ್ ಬೆರೆಟ್ಸ್’ ಚಿತ್ರೀಕರಣಕ್ಕೆ ಹೋಗಿ ಟಕೇಯ್ ಹಲವು ಕಂತುಗಳನ್ನು ಕಳೆದುಕೊಂಡರು. ಆ ಸಾಲುಗಳು ವಾಲ್ಟರ್ ಕೋನಿಗ್ ಅಭಿನಯಿಸಿದ ಚೆಕೋವ್ ಪಾತ್ರಕ್ಕೆ ಹೋದವು. ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ನಟ ಆ ಯುದ್ಧವನ್ನು ಸಮರ್ಥಿಸುವ ಚಿತ್ರದಲ್ಲಿ ನಟಿಸಿದ್ದು ಅವರ ಬದುಕಿನ ವೈರುಧ್ಯಗಳಲ್ಲೊಂದು. ಮುಂದಿನ ಚಲನಚಿತ್ರಗಳಲ್ಲಿ ಸುಲುವಿಗೆ ಬಡ್ತಿ ಕೊಡಿಸಲು ಟಕೇಯ್ ಬೆನ್ನುಬಿಡದೆ ಒತ್ತಾಯಿಸಿದರು. 1991ರ ಆರನೆಯ ಚಿತ್ರದಲ್ಲಿ ಸುಲು ಎಕ್ಸೆಲ್ಸಿಯರ್ ನೌಕೆಯ ಕ್ಯಾಪ್ಟನ್ ಆದ. ಎಂಬತ್ತರ ದಶಕದಲ್ಲಿ ದೂರದರ್ಶನ ಮೂಲ ಧಾರಾವಾಹಿಯನ್ನು ಬಿತ್ತರಿಸಿದ್ದರಿಂದ ಆಗ ಶಾಲೆಯಲ್ಲಿದ್ದ ಕನ್ನಡಿಗರಿಗೂ ಈ ಮುಖ ಹೊಸದಲ್ಲ.

ನಗರ ರಾಜಕೀಯ

1972ರಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಟಕೇಯ್ ಪ್ರತಿನಿಧಿ. ಮರುವರ್ಷ ಟಾಮ್ ಬ್ರಾಡ್ಲಿ ಲಾಸ್ ಏಂಜಲೀಸ್‌ನ ಮೊದಲ ಕಪ್ಪು ಮೇಯರ್ ಆದಾಗ ತೆರವಾದ ನಗರ ಕೌನ್ಸಿಲ್ ಸ್ಥಾನಕ್ಕೆ ಸ್ಪರ್ಧಿಸಿ ಎರಡನೆಯ ಸ್ಥಾನಕ್ಕೆ ತೃಪ್ತಿಪಟ್ಟರು. ಪ್ರಚಾರದ ವೇಳೆ ಸ್ಥಳೀಯ ಕೇಂದ್ರಗಳು ‘ಸ್ಟಾರ್ ಟ್ರೆಕ್’ ಮರುಪ್ರಸಾರವನ್ನೇ ನಿಲ್ಲಿಸಿದವು. ಅಭ್ಯರ್ಥಿಯೊಬ್ಬನ ಮುಖ ತೆರೆಯ ಮೇಲೆ ಬಂದಷ್ಟೇ ಹೊತ್ತನ್ನು ಎದುರಾಳಿಗಳಿಗೂ ಕೊಡಬೇಕೆಂಬ ನಿಯಮ ಇದ್ದುದರಿಂದ ಈ ಎಚ್ಚರ.

ಸೋತವರನ್ನು ಬ್ರಾಡ್ಲಿ ಪ್ರಾದೇಶಿಕ ಸಾರಿಗೆ ಮಂಡಳಿಗೆ ನೇಮಿಸಿದರು. 1984ರವರೆಗೆ ಅಲ್ಲಿದ್ದ ಟಕೇಯ್, ಕಾರುಗಳ ಊರೆಂದೇ ಹೆಸರಾದ ಲಾಸ್ ಏಂಜಲೀಸ್‌ಗೆ ಸುರಂಗ ರೈಲು ಬೇಕೆಂದು ವಾದಿಸಿದರು. 1978ರಲ್ಲಿ ಮಂಡಳಿಯ ಮತಗಳು ಸಮಸಮವಾದಾಗ ಮೊದಲ ‘ಸ್ಟಾರ್ ಟ್ರೆಕ್’ ಚಲನಚಿತ್ರದ ಸೆಟ್ಟಿನಿಂದ ಎದ್ದು ಹೋಗಿ ನಿರ್ಣಾಯಕ ಮತ ಹಾಕಿದರು. ಸುರಂಗ ಮಾರ್ಗದ ಮೊದಲ ತುಂಡು ಓಡತೊಡಗಿದ್ದು 1993ರಲ್ಲಿ. ಅಭಿಮಾನಿಗಳು ಅಷ್ಟಾಗಿ ಗಮನಿಸದ ಈ ಹನ್ನೊಂದು ವರ್ಷಗಳ ಸಮಿತಿ ಕೆಲಸ ಅವರ ಸಾರ್ವಜನಿಕ ಬದುಕಿನ ಅತ್ಯಂತ ಗಟ್ಟಿ ಭಾಗವೆನ್ನಬಹುದು. ಗಂಟೆಗಟ್ಟಲೆ ಕೂತು ಟಿಕೆಟ್ ದರ, ಕಾಮಗಾರಿ ಚರ್ಚಿಸುವ ತಾಳ್ಮೆ ತಾರೆಯರಲ್ಲಿ ಅಪರೂಪ.

ಪರಿಹಾರದ ಹೋರಾಟ

ಯುದ್ಧಕಾಲದ ಬಂಧನದ ತನಿಖೆಗೆ ಸಂಸತ್ತು ನೇಮಿಸಿದ ಆಯೋಗದ ಮುಂದೆ 1981ರಲ್ಲಿ ಏಳುನೂರಕ್ಕೂ ಹೆಚ್ಚು ಮಂದಿ ಸಾಕ್ಷ್ಯ ನುಡಿದರು. ಟಕೇಯ್ ಅವರಲ್ಲೊಬ್ಬರು. ನಾಲ್ಕು ದಶಕ ಬಾಯಿ ಕಟ್ಟಿಕೊಂಡಿದ್ದ ಹಿರಿಯರು ಮೈಕಿನ ಮುಂದೆ ಮೊದಲ ಸಲ ಅತ್ತದ್ದು ಆ ವಿಚಾರಣೆಗಳಲ್ಲಿ. ಬಂಧನಕ್ಕೆ ಸೈನಿಕ ಅಗತ್ಯವೇನೂ ಇರಲಿಲ್ಲ. ಜನಾಂಗೀಯ ಪೂರ್ವಗ್ರಹ, ಯುದ್ಧದ ಉನ್ಮಾದ, ರಾಜಕೀಯ ನಾಯಕತ್ವದ ವೈಫಲ್ಯವೇ ಕಾರಣವೆಂದು ಆಯೋಗ ತೀರ್ಮಾನಿಸಿತು. 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಸಹಿ ಮಾಡಿದ ಕಾಯ್ದೆ ಬದುಕುಳಿದ ಪ್ರತಿಯೊಬ್ಬರಿಗೂ ಕ್ಷಮಾಪಣೆ ಮತ್ತು 20,000 ಡಾಲರ್ ಕೊಟ್ಟಿತು. ಟಕೇಯ್ ತಮ್ಮ ಪಾಲಿನ ಹಣವನ್ನು ಲಾಸ್ ಏಂಜಲೀಸ್‌ನ ಜಪಾನಿ ಅಮೆರಿಕನ್ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಮುಂದೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರೂ ಆದರು. 1994ರ ಆತ್ಮಕಥೆ ‘ಟು ದಿ ಸ್ಟಾರ್ಸ್’ನಲ್ಲಿ ಶಿಬಿರದ ಕಥೆ ವಿಸ್ತಾರವಾಗಿದೆ. ಬದುಕಿನ ಇನ್ನೊಂದು ಮುಖ ಅದರಲ್ಲಿ ಇಲ್ಲವೇ ಇಲ್ಲ.

ಮೌನ, ಮಾತು

ಹುಡುಗರ ಮೇಲೆ ತಮಗೆ ಆಕರ್ಷಣೆಯಿದೆಯೆಂದು ಟಕೇಯ್‌ಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಐವತ್ತರ ದಶಕದ ಸುಂದರಾಂಗ ನಟ ಟ್ಯಾಬ್ ಹಂಟರ್ ಬಗ್ಗೆ ಪತ್ರಿಕೆಯೊಂದು ಗುಸುಗುಸು ಹಬ್ಬಿಸಿ, ಕ್ರಮೇಣ ಆತನ ಬೇಡಿಕೆ ಕುಸಿದದ್ದನ್ನು ಕಣ್ಣಾರೆ ಕಂಡಿದ್ದರು. ಏಷ್ಯನ್ ಮುಖಕ್ಕೇ ಅವಕಾಶ ಕಮ್ಮಿ ಇದ್ದಾಗ ಇನ್ನೊಂದು ಕಾರಣ ಸೇರಿಸಿಕೊಳ್ಳುವ ಧೈರ್ಯವಾಗಲಿಲ್ಲ. ಸಲಿಂಗಿಗಳ ಪ್ರಶ್ನೆಯನ್ನು ಧಾರಾವಾಹಿಯಲ್ಲಿ ತರಬಹುದೇ ಎಂದು ರಾಡನ್‌ಬೆರಿಯವರನ್ನು ಒಮ್ಮೆ ಕೇಳಿದ್ದುಂಟು. ಕಪ್ಪು ಮತ್ತು ಬಿಳಿಯ ಪಾತ್ರಗಳ ಚುಂಬನವಿದ್ದ ಕಂತಿಗೇ ದಕ್ಷಿಣದ ಕೇಂದ್ರಗಳು ಮುನಿದಿದ್ದವು, ಇನ್ನೂ ಮುಂದೆ ಹೋದರೆ ಧಾರಾವಾಹಿಯೇ ನಿಂತೀತು ಎಂಬ ಉತ್ತರ ಬಂತೆಂದು ಟಕೇಯ್ ಹೇಳಿದ್ದಾರೆ. ಸಲಿಂಗಿಗಳ ಓಟದ ಕ್ಲಬ್ಬಿನಲ್ಲಿ ಪರಿಚಯವಾದ ಬ್ರ್ಯಾಡ್ ಆಲ್ಟ್‌ಮನ್ ಜೊತೆ ವರ್ಷಗಟ್ಟಲೆ ಸಂಸಾರ ನಡೆಸಿದರೂ ಹೊರಗೆ ಆ ಮಾತಿಲ್ಲ. ಸಹನಟರಲ್ಲಿ ಹಲವರಿಗೆ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ.

2005ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಸಲಿಂಗ ವಿವಾಹದ ಮಸೂದೆಯನ್ನು ಅಂಗೀಕರಿಸಿತು. ನ್ಯಾಯಾಲಯದ ಆದೇಶವಿಲ್ಲದೆ ಒಂದು ರಾಜ್ಯ ಹಾಗೆ ಮಾಡಿದ್ದು ಅದೇ ಮೊದಲು. ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅದನ್ನು ತಿರಸ್ಕರಿಸಿದರು. ರಾತ್ರಿಯ ಸುದ್ದಿಯಲ್ಲಿ ಯುವಕ ಯುವತಿಯರು ಬೀದಿಗಿಳಿದದ್ದನ್ನು ಮನೆಯೊಳಗಿಂದ ನೋಡಿದ ಟಕೇಯ್, ಅಕ್ಟೋಬರ್‌ನಲ್ಲಿ ‘ಫ್ರಾಂಟಿಯರ್ಸ್’ ಪತ್ರಿಕೆಯ ಸಂದರ್ಶನದಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ವೃತ್ತಿ ಮುಗಿಯುತ್ತದೆಂದು ನಾಲ್ಕು ದಶಕ ಹೆದರಿದ್ದು ನಡೆಯಲಿಲ್ಲ, ನಡೆದದ್ದು ತದ್ವಿರುದ್ಧ. ಹೊವರ್ಡ್ ಸ್ಟರ್ನ್ ಅವರ ರೇಡಿಯೊ ಕಾರ್ಯಕ್ರಮ, ‘ಹೀರೋಸ್’ ಧಾರಾವಾಹಿಯ ಪಾತ್ರ, ಜಾಹೀರಾತುಗಳು ಸಾಲುಗಟ್ಟಿ ಬಂದವು.

2008ರ ಮೇ ತಿಂಗಳಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸಲಿಂಗ ವಿವಾಹಕ್ಕೆ ದಾರಿ ತೆರೆಯಿತು. ವೆಸ್ಟ್ ಹಾಲಿವುಡ್‌ನಲ್ಲಿ ಪರವಾನಗಿಗೆ ಮೊದಲು ಅರ್ಜಿ ಹಾಕಿದ್ದು ಇದೇ ಜೋಡಿ. ಸೆಪ್ಟೆಂಬರ್ 14ರಂದು ಮದುವೆ; ಸ್ಥಳ, ಅದೇ ಜಪಾನಿ ಅಮೆರಿಕನ್ ವಸ್ತುಸಂಗ್ರಹಾಲಯ. ವರನ ಪಕ್ಕದಲ್ಲಿ ನಿಂತವರು ಕೋನಿಗ್ ಮತ್ತು ಉಹುರಾ ಪಾತ್ರದ ನಿಶೆಲ್ ನಿಕೋಲ್ಸ್. ನವೆಂಬರ್‌ನ ಜನಮತ ಗಣನೆ ಸಲಿಂಗ ವಿವಾಹವನ್ನು ಮತ್ತೆ ನಿಷೇಧಿಸಿದರೂ ಅದಕ್ಕೆ ಮೊದಲೇ ಆದ ಮದುವೆಗಳು ಊರ್ಜಿತವಾಗಿ ಉಳಿದವು.

ಇದಾದ ಮೇಲೆ ಟಕೇಯ್ ಆಯುಧ ನಗೆ. 2011ರಲ್ಲಿ ಟೆನೆಸ್ಸಿಯ ಶಾಸಕರು ಶಾಲೆಗಳಲ್ಲಿ ಸಲಿಂಗತೆಯ ಮಾತೆತ್ತದಂತೆ ಮಸೂದೆ ತರಲು ಹೊರಟಾಗ, ‘ಗೇ’ ಎಂಬ ಪದದ ಬದಲು ಅದಕ್ಕೆ ಪ್ರಾಸ ಕೂಡುವ ತಮ್ಮ ಮನೆತನದ ಹೆಸರನ್ನೇ ಬಳಸಿಕೊಳ್ಳಿರೆಂದು ವಿಡಿಯೊ ಮಾಡಿ, ಅಂಗಿಗಳ ಮೇಲೂ ಅಚ್ಚು ಹಾಕಿಸಿದರು. ಫೇಸ್‌ಬುಕ್‌ನಲ್ಲಿ ಬೆಕ್ಕಿನ ಚಿತ್ರ, ಚಾಟೂಕ್ತಿಗಳಿಂದ ಲಕ್ಷಾಂತರ ಜನರನ್ನು ಸೆಳೆದು, ನಡುನಡುವೆ ಹಕ್ಕುಗಳ ಮಾತು ತೂರಿಸುವುದು ಅವರ ವಿಧಾನ. 2012ರಲ್ಲಿ ಡೊನಾಲ್ಡ್ ಟ್ರಂಪ್ ಅವರ ‘ದಿ ಸೆಲೆಬ್ರಿಟಿ ಅಪ್ರೆಂಟಿಸ್’ನಲ್ಲಿ ಸ್ಪರ್ಧಿಯಾಗಿದ್ದಾಗ ಊಟಕ್ಕೆ ಕೂತು ಸಲಿಂಗ ವಿವಾಹದ ಬಗ್ಗೆ ಮನವೊಲಿಸಲು ನೋಡಿದ್ದೂ ಇದೆ.

ಇದೇ ಮಾತುಗಾರಿಕೆ ಒಮ್ಮೆ ಮುಗ್ಗರಿಸಿತು. 2015ರಲ್ಲಿ ಸಲಿಂಗ ವಿವಾಹಕ್ಕೆ ದೇಶಾದ್ಯಂತ ಮಾನ್ಯತೆ ಕೊಟ್ಟ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ವಿರೋಧಿಸಿದ ಕಪ್ಪು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರನ್ನು ಬಣ್ಣ ಬಳಿದುಕೊಂಡ ವಿದೂಷಕನಿಗೆ ಹೋಲಿಸಿ ಟೀಕೆಗೆ ಗುರಿಯಾದರು, ಕ್ಷಮೆ ಕೇಳಿದರು. 2017ರಲ್ಲಿ ಮಾಜಿ ರೂಪದರ್ಶಿಯೊಬ್ಬರು 1981ರ ಘಟನೆಯೊಂದನ್ನು ಹೇಳಿ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. ಟಕೇಯ್ ಪೂರ್ಣವಾಗಿ ಅಲ್ಲಗಳೆದರು. ಆರೋಪ ಮಾಡಿದವರ ಹೇಳಿಕೆಗಳು ಬದಲಾದುದನ್ನು ಮರುವರ್ಷ ‘ಅಬ್ಸರ್ವರ್’ ಪತ್ರಿಕೆ ವರದಿ ಮಾಡಿತು. 2016ರ ‘ಸ್ಟಾರ್ ಟ್ರೆಕ್’ ಚಿತ್ರದಲ್ಲಿ ಟಕೇಯ್‌ರ ಗೌರವಾರ್ಥ ಸುಲುವನ್ನು ಸಲಿಂಗಿಯಾಗಿ ತೋರಿಸಿದಾಗ ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿ ಅವರೇ ಒಪ್ಪಲಿಲ್ಲ. ಸುಲು ರಾಡನ್‌ಬೆರಿಯವರ ಸೃಷ್ಟಿ, ಬೇಕಿದ್ದರೆ ಹೊಸ ಪಾತ್ರ ಬರೆಯಿರಿ ಎಂಬುದು ಅವರ ವಾದ.

ರಂಗ, ಪುಸ್ತಕ

2008ರಲ್ಲಿ ನ್ಯೂಯಾರ್ಕಿನ ನಾಟಕವೊಂದರಲ್ಲಿ, ಮಗಳಿಗೆ ನೆರವಾಗಲಾರದ ತಂದೆಯ ಹಾಡು ಕೇಳಿ ಟಕೇಯ್ ಬಿಕ್ಕಿ ಅತ್ತರು. ಹತ್ತಿರ ಕೂತಿದ್ದ ಸಂಗೀತಗಾರ ಜೇ ಕುಒ ಕಾರಣ ಕೇಳಿದಾಗ ಪ್ರಶ್ನಾವಳಿಯ ಕಥೆ ಹೊರಬಂತು. ಅದರಿಂದ ಹುಟ್ಟಿದ ಸಂಗೀತ ನಾಟಕ ‘ಅಲೀಜಿಯನ್ಸ್’. 2012ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಮೊದಲ ಪ್ರಯೋಗ; 2015ರ ನವೆಂಬರ್‌ನಿಂದ 2016ರ ಫೆಬ್ರವರಿವರೆಗೆ ಬ್ರಾಡ್‌ವೇಯಲ್ಲಿ 111 ಪ್ರದರ್ಶನ. ವಿಮರ್ಶಕರು ಅಷ್ಟೇನೂ ಮೆಚ್ಚಲಿಲ್ಲ. ಸಿರಿಯಾದ ನಿರಾಶ್ರಿತರನ್ನು ತಡೆಯಲು ವರ್ಜೀನಿಯಾದ ಮೇಯರ್ ಒಬ್ಬರು ಜಪಾನಿ ಬಂಧನವನ್ನೇ ಮಾದರಿಯಾಗಿ ಹೇಳಿದಾಗ ಆ ಮೇಯರ್‌ರನ್ನು ಟಕೇಯ್ ನಾಟಕಕ್ಕೆ ಆಹ್ವಾನಿಸಿದರು. ಮುಸ್ಲಿಮರ ಪ್ರವೇಶ ನಿಷೇಧಿಸಬೇಕೆಂದ ಟ್ರಂಪ್‌ಗಾಗಿ ರಂಗಮಂದಿರದಲ್ಲಿ ಒಂದು ಕುರ್ಚಿ ಖಾಲಿ ಇಡಲಾಗಿತ್ತು, ಅವರು ಬರಲಿಲ್ಲ. 2018ರಲ್ಲಿ ಮೆಕ್ಸಿಕೊ ಗಡಿಯಲ್ಲಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿದಾಗ ಟಕೇಯ್ ಬರೆದ ಲೇಖನದ ವಾದ ಸರಳವಾಗಿತ್ತು: ತಮ್ಮನ್ನು ಕೂಡಿಹಾಕಿದ ಸರ್ಕಾರ ಕೊನೆಪಕ್ಷ ತಂದೆ ತಾಯಿಯ ಜೊತೆಗಾದರೂ ಇರಲು ಬಿಟ್ಟಿತ್ತು.

2019ರ ಚಿತ್ರರೂಪದ ನೆನಪುಗಳು ‘ದೆ ಕಾಲ್ಡ್ ಅಸ್ ಎನಿಮಿ’ ಅವರ ಎಲ್ಲ ಕೃತಿಗಳಲ್ಲಿ ಹೆಚ್ಚು ಓದುಗರನ್ನು ಮುಟ್ಟಿತು. ಜಸ್ಟಿನ್ ಐಸಿಂಗರ್, ಸ್ಟೀವನ್ ಸ್ಕಾಟ್ ಜೊತೆಗೂಡಿ ಬರೆದ ಈ ಪುಸ್ತಕಕ್ಕೆ ಹಾರ್ಮನಿ ಬೆಕರ್ ಚಿತ್ರ ಬರೆದರು. 2020ರಲ್ಲಿ ಐಸ್ನರ್ ಪ್ರಶಸ್ತಿ ಬಂತು. ಮಗುವಿನ ಕಣ್ಣಿನ ಶಿಬಿರವನ್ನೂ ತಂದೆಯ ಕಣ್ಣಿನ ಶಿಬಿರವನ್ನೂ ಒಂದೇ ಪುಟದಲ್ಲಿ ತೋರಿಸಲು ಚಿತ್ರದ ರೂಪ ನೆರವಾಗಿದೆ. ಗದ್ಯದ ಆತ್ಮಕಥೆಗೆ ಅದು ಸಾಧ್ಯವಾಗಿರಲಿಲ್ಲ. ಪುಸ್ತಕ ಬಂದ 2019ರಲ್ಲೇ ಶಿಬಿರದ ಹಿನ್ನೆಲೆಯ ‘ದಿ ಟೆರರ್’ ಸರಣಿಯಲ್ಲಿ ನಟಿಸಿ ಸಲಹೆಗಾರರಾಗಿಯೂ ದುಡಿದರು. ‘ಮೈ ಲಾಸ್ಟ್ ಫ್ರೀಡಂ’ (2024) ಮಕ್ಕಳಿಗಾಗಿ ಬರೆದದ್ದು.

2004ರಲ್ಲಿ ಜಪಾನ್ ಸರ್ಕಾರ ಉದಯಸೂರ್ಯ ಪದಕ ನೀಡಿ ಗೌರವಿಸಿತು. 7307ನೆಯ ಕ್ಷುದ್ರಗ್ರಹಕ್ಕೆ ಟಕೇಯ್ ಹೆಸರಿದೆ. 1994ರ ಆತ್ಮಕಥೆ ಬಿಟ್ಟ ಭಾಗವನ್ನು, ಅಂದರೆ ಮುಚ್ಚಿಟ್ಟ ಪ್ರೇಮ ಮತ್ತು ಆ ದಶಕಗಳ ಭಯವನ್ನು, ‘ಇಟ್ ರೈಮ್ಸ್ ವಿತ್ ಟಕೇಯ್’ ಎಂಬ ಇನ್ನೊಂದು ಚಿತ್ರಕಥನದಲ್ಲಿ ಅದೇ ತಂಡದೊಂದಿಗೆ 2025ರಲ್ಲಿ, ತಮ್ಮ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಪ್ರಕಟಿಸಿದರು.